ಮೂರನೆಯ ರಾಜ

"ಕತ್ತು ವಾಲ್ತಾ ಐತೆ, ಇನ್ನೊಂಚೂರು ಬಿಗಿಯಾಗಿ ಇಡ್ಕಳ್ರಪ್ಪಾ," ಎಂದು ಮಠದ ಅಯ್ಯನವರು ಹೇಳಿದಾಗ ಷಡಕ್ಷರಿ ತೀರಿಹೋದ ತನ್ನ ಅಣ್ಣನ ಹೆಗಲನ್ನು ಗೋಡೆಗೆ ಒತ್ತಿ ಹಿಡಿದ. ಶೆಟ್ಟಿಹಳ್ಳಿಯ ಬಟ್ಟೆ ಅಂಗಡಿ ಚಂದ್ರಯ್ಯನನ್ನು ಹಣೆತುಂಬ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿರಿಸಿ ಪಡಸಾಲೆಯಲ್ಲಿ ಕೂರಿಸಿಯಾಗಿತ್ತು. ತಲೆಗೆ ಪೇಟ ಸುತ್ತುವುದೊಂದೇ ಬಾಕಿ.

"ಅತ್ತಿಗೆ, ಪೇಟ?"

ಮೂಲೆಯಲ್ಲಿದ್ದ ಗುರುಸಿದ್ದಮ್ಮ ತಲೆ ಎತ್ತಲಿಲ್ಲ. "ಚರ್ಚಲ್ಲೈತೆ. ಇವತ್ತು ಕ್ರಿಸ್ಮಸ್ ನಾಟಕ ಅಲ್ವಾ, ಮೊನ್ನೇನೇ ಕೊಟ್ಟು ಬಂದಿದ್ರು."

"ಸರಿಹೋಯ್ತು! ಬಟ್ಟೆಗೂ ರೇಷನ್ ಆಗಿರೋ ಈ ಕಂಟ್ರೋಲ್ ಕಾಲ್ದಲ್ಲಿ ಹೊಸಾದು ಎಲ್ಲಿ ಸಿಕ್ಕಾತು? ಬಿಳೀ ಪಂಚೆ ಸುತ್ತಿದ್ರಾಯ್ತು ಬುಡಿ."

"ಮದುವೆ ಪೇಟ. ಅದೇ ಬರ್ಲಿ."

ಆಳು ಬೋರಪ್ಪ ಓಡಿದ. ಹೆಂಗಸರು ಪಿಸುಗುಟ್ಟಿಕೊಂಡರು: "ಒಂದು ತೊಟ್ಟು ಕಣ್ಣೀರಿಲ್ಲ ಕಣವ್ವ." ಆಡುವವರ ಬಾಯಿಗೆ ಬೀಗ ಹಾಕುವವರುಂಟೇ? ಅಳು ಬಂದರೆ ಸಾಕೆಂದು ಗುರುಸಿದ್ದಮ್ಮನಿಗೂ ಅನ್ನಿಸಿತ್ತು. ಬರಲಿಲ್ಲ.

*

ಮಗಳು ನೀಲಾಂಬಿಕೆ ಜ್ವರದಲ್ಲಿ ಹೋದಾಗ ಹಾಲುಹಲ್ಲೂ ಬಂದಿರಲಿಲ್ಲ. ಅದೇ ಚಳಿಗಾಲದಲ್ಲಿ ಚರ್ಚಿನ ಉಪದೇಶಿ ಅಂಗಡಿಗೆ ಬಂದ. ನಾಟಕದಲ್ಲಿ ಯೇಸು ಕೂಸನ್ನು ನೋಡಲು ಮೂರು ಜನ ರಾಜರು ಬರಬೇಕು, ಇಬ್ಬರಿಗೆ ರುಮಾಲು ಹೊಂದಿಸಿಯಾಗಿದೆ, ಒಂದು ಜರಿಪೇಟ ಕೊಡಿ ಎಂದ. ಮದುವೆಯ ಪೇಟವನ್ನು ಇನ್ನೊಬ್ಬರ ತಲೆಗೇರಿಸಲು ಚಂದ್ರಯ್ಯನಿಗೆ ಮನಸ್ಸಾಗಲಿಲ್ಲ. ಪೇಟದ ಜೊತೆ ತಲೆಯೂ ಹೋಯಿತು. ಆಮೇಲೆ ವರ್ಷಾ ವರ್ಷಾ ಅವನೇ ಮೂರನೆಯ ರಾಜ. ನೆಂಟರು 'ಕಿರಸ್ತಾನರ ರಾಜ' ಎಂದು ಗೇಲಿ ಮಾಡಿದರೂ ಬಿಡಲಿಲ್ಲ.

"ನಮ್ಮನೆ ತೊಟ್ಲು ಅಟ್ಟ ಹತ್ತೈತೆ. ನೀವು ಕಂಡೋರ ಕೂಸಿಗೆ ಅಡ್ಡ ಬೀಳಕ್ಕೆ ಓಗ್ತೀರಾ?" ಎಂದು ಅವಳು ಒಂದು ಸಲ ಕೂಗಾಡಿದ್ದಳು. ಅವನು ಪೇಟದ ತುದಿ ಸಿಕ್ಕಿಸಿಕೊಂಡು ಹೊರಟುಹೋದ. ಅವಳು ಒಮ್ಮೆಯೂ ನೋಡಲು ಹೋಗಲಿಲ್ಲ.

ಮಗಳ ಹೆಸರನ್ನು ಅವನು ಮನೆಯಲ್ಲಿ ಮತ್ತೆ ಎತ್ತಲೇ ಇಲ್ಲ. ಮರೆತೇಬಿಟ್ಟನೇ? ಕೇಳಬೇಕು ಕೇಳಬೇಕು ಎಂದುಕೊಂಡೇ ವರ್ಷಗಳು ಕಳೆದವು. ಇವತ್ತು ಬೆಳಗ್ಗೆ ಉತ್ತರ ಹೇಳಬೇಕಾದವನೇ ಇಲ್ಲವಾದ.

*

ಪೇಟ ತಂದವಳು ಜ್ಞಾನಮ್ಮ. ನಾಟಕದಲ್ಲಿ ಮರಿಯಮ್ಮನ ಪಾತ್ರ ಅವಳದು. ಹೆಗಲ ಮೇಲೆ ಕೂಸು.

"ಹೆಣದ ಮನೇಗೆ ಎಳೇ ಕೂಸ್ನ ತರ್ತಾರೇನೇ!" ಎಂದು ಯಾರೋ ಗದರಿದರು.

"ಬುಟ್ಟು ಬರಕ್ಕಾಗ್ನಿಲ್ಲ ಕಣಮ್ಮ, ಮೊಲೆಕೂಸು."

"ನಮ್ಮ ಲಿಂಗವಂತ್ರಲ್ಲಿ ಸೂತಕ ಇಲ್ಲ, ಬರ್ಲಿ ಬುಡಿ," ಎಂದು ಅಯ್ಯನವರು ಪೇಟ ಸುತ್ತತೊಡಗಿದರು.

ಜ್ಞಾನಮ್ಮ ಗುರುಸಿದ್ದಮ್ಮನ ಹತ್ತಿರ ಕುಕ್ಕರಿಸಿದಳು. "ಇವತ್ತು ಇವನೇ ಬಾಲಯೇಸು. ನಮ್ ದೊಡ್ಡವನ್ನ ಇಂಗೇ ಬಾಲಯೇಸು ಮಾಡಿ ಮಲಗ್ಸಿದ್ ವರ್ಸ ನಾನು ಪಕ್ಕದಲ್ಲೇ ಇದ್ದೆ. ಮಿಕ್ಕ ರಾಜ್ರು ಎದ್ದೋದ್ರೂ ನಿಮ್ ಯಜಮಾನ್ರು ಏಳ್ನೇ ಇಲ್ಲ. ನೀಲಾ, ನೀಲಾ ಅಂತ ಕರೀತಾ ಕೂತ್ಬುಟ್ರು. ಗಂಡುಮಗ ಕಣಮ್ಮ ಅದು! ಪ್ರತಿ ವರ್ಸಾನೂ ಅಂಗೇಯ. ಯಾವ್ ಕೂಸಾದ್ರೂ ನೀಲಾನೇ. ನಾಟಕ ಅಲ್ಲೇ ನಿಂತೋಗದು. ಯಾಕೆ ಅಂತ ನಾವ್ಯಾರೂ ಕೇಳ್ನಿಲ್ಲ."

ಗುರುಸಿದ್ದಮ್ಮ ಗಂಡನ ಮುಚ್ಚಿದ ಬಾಯಿಯನ್ನೇ ನೋಡಿದಳು. ಮೊದಲು ಬಂದದ್ದು ಸಿಟ್ಟು. ಊರೆದುರಿಗೆ ಕರೆದದ್ದನ್ನು ಮನೆಯಲ್ಲಿ ಒಂದೇ ಒಂದು ಸಲ ಕರೆದಿದ್ದರೆ ಇಬ್ಬರೂ ಕೂತು ಅಳಬಹುದಾಗಿತ್ತು.

"ಕೊಡಿಲ್ಲಿ," ಎಂದು ಕೈ ನೀಡಿದಳು. ಕೂಸು ಮಡಿಲಿಗೆ ಬಂದು ಒಂದೆರಡು ಸಲ ಮುಲುಗಿ ನಿದ್ದೆ ಹೋಯಿತು.

ಹೊರಗೆ ವಾದ್ಯ ಶುರುವಾಯಿತು. ಪೇಟ ಧರಿಸಿದ ಚಂದ್ರಯ್ಯನನ್ನು ಕೂತಂತೆಯೇ ಎತ್ತಿಕೊಂಡು ಹೊಲದ ಕಡೆ ಹೊರಟರು. ಸೋದರತ್ತೆ ಗಂಗಾಂಬಿಕೆ ಎದುರಿಗೆ ಬಂದು ನಿಂತಳು.

"ಕೈ ಚಾಚು ತಾಯಿ. ಬಳೆ ತೆಗೀಬೇಕು."

ಜ್ಞಾನಮ್ಮ ಕೂಸನ್ನು ತೆಗೆದುಕೊಳ್ಳಲು ಬಾಗಿದಳು. ಗುರುಸಿದ್ದಮ್ಮ ಬಿಡಲಿಲ್ಲ. ಎರಡು ಕೈಯೂ ಕೂಸಿನ ಅಡಿಯಲ್ಲಿದ್ದವು.

"ಮಲಗೈತೆ ಅತ್ತೆ. ಏಳ್ಲಿ."

ವಾದ್ಯ ದೂರವಾಗುತ್ತ ಹೋಯಿತು. ಗಂಗಾಂಬಿಕೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ಅವಳ ಪಕ್ಕದಲ್ಲಿ ಕೂತಳು.