ಒಂಬತ್ತನೇ ಸಾಲಿನ ಸಹಿ

ಇಂಟರ್‌ವ್ಯೂನಲ್ಲಿ ಕೇಳಿದ್ದು ಎರಡೇ ಮಾತು. "ಚಳಿ ತಡೀತೀಯಾ? ಎಷ್ಟನೇ ಕ್ಲಾಸು?" ತಡೀತೀನಿ ಅಂದೆ, ಎಂಟು ಅಂದೆ. ಅಕ್ಕ ಆರು ವರ್ಷದಿಂದ ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಟ್ರಾಲಿ ತಳ್ಳುತ್ತಾಳೆ. ಅವಳ ಮುಖ ನೋಡಿ ಕೆಲಸ ಕೊಟ್ಟರು. "ಬಾಯಿ ಮುಚ್ಕೊಂಡು ಟ್ರೈನಿಂಗ್ ಮುಗ್ಸು, ನನ್ನ ಮರ್ಯಾದೆ ತೆಗೀಬೇಡ" ಅಂತ ಬೆಳಿಗ್ಗೆ ಬಸ್ಸಿನಲ್ಲೇ ಹೇಳಿದ್ದಳು.

ಟ್ರೈನಿಂಗ್ ಅಂದರೆ ಒಂದು ವಿಡಿಯೊ, ಎರಡು ಬಿಸ್ಕತ್ತು, ಒಂದು ಹಾಳೆ. ವಿಡಿಯೊದಲ್ಲಿ ಹಳದಿ ಟೋಪಿ ಹಾಕಿಕೊಂಡವರೆಲ್ಲ ಸುಮ್ಮಸುಮ್ಮನೆ ನಗುತ್ತಿದ್ದರು. ಟ್ರೈನರ್ ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ನಮ್ಮನ್ನು "ಫ್ಯಾಮಿಲಿ" ಅಂತ ಕರೆಯುತ್ತಿದ್ದ, ಒಬ್ಬರ ಹೆಸರೂ ಕೇಳಲಿಲ್ಲ. ಹಾಳೆಯಲ್ಲಿ ಹನ್ನೊಂದು ಸಾಲು, ಪ್ರತಿ ಸಾಲಿನ ಮುಂದೆ ಒಂದು ಸಹಿ. ನನ್ನ ಜೊತೆ ಹೊಸದಾಗಿ ಸೇರಿದ ಉಳಿದ ಐವರು ಗೀಚಿ ಕೊಟ್ಟುಬಿಟ್ಟರು. ನನ್ನದು ಬೆರಳಿಟ್ಟು ಓದುವ ಓದು, ಹೊತ್ತು ಹಿಡಿಯುತ್ತದೆ. ಒಂಬತ್ತನೇ ಸಾಲಿನಲ್ಲಿ ಬೆರಳು ನಿಂತಿತು: ಶೀತಲ ಕೊಠಡಿಯ ಬಾಗಿಲನ್ನು ಒಳಗಿನಿಂದ ತೆರೆಯುವ ಅಭ್ಯಾಸವನ್ನು ನನಗೆ ಮಾಡಿಸಲಾಗಿದೆ.

"ಸರ್, ಇದು ಮಾಡ್ಸಿಲ್ವಲ್ಲ?"

"ಅದು ಫಾರ್ಮಾಲಿಟಿ ಕಣಪ್ಪ."

"ಮಾಡ್ಸಿದ್ದಾರೆ ಅಂತ ಬರ್ದಿದೆ."

"ಓಹೋ, ಲಾಯರ್ ಸಾಹೇಬ್ರು!" ಎಲ್ಲರೂ ನಕ್ಕರು. "ಬನ್ನಿ ಲಾಯರೇ, ಮಾಡ್ಸೇಬಿಡೋಣ."

ಮೂರನೇ ನಂಬರಿನ ಕೊಠಡಿ. ಮೈನಸ್ ಹದಿನೆಂಟು. "ಒಳಗೆ ಹಸಿರು ಗುಂಡಿ ಇದೆ, ಒತ್ತಿದ್ರೆ ಆಯ್ತು" ಅಂದ. ಬೆನ್ನ ಹಿಂದೆ ಬಾಗಿಲು ಧಪ್ಪೆಂದು ಮುಚ್ಚಿತು. ಒತ್ತಿದೆ. ಗುಂಡಿ ಅಲುಗಲಿಲ್ಲ, ಸುತ್ತ ಹಿಮ ಕಟ್ಟಿ ಕಲ್ಲಾಗಿತ್ತು. ಎರಡೂ ಅಂಗೈ ಸೇರಿಸಿ ಒತ್ತಿದೆ, ಭುಜ ಕೊಟ್ಟೆ, ಒದ್ದೆ. ಕೂಗಿದೆ; ಗೇಣುದಪ್ಪದ ಬಾಗಿಲು, ಕೂಗು ನನ್ನ ಕಿವಿಗೇ ವಾಪಸ್ಸು. ಫೋನನ್ನು ಗೇಟಿನಲ್ಲೇ ಇಸಿದುಕೊಂಡಿದ್ದರು. ಮೂಗಿನೊಳಗಿನ ಕೂದಲು ಮುಳ್ಳಾಗಿ ನಿಂತವು. ಕಬ್ಬಿಣಕ್ಕೆ ಅಂಟಿದ ಬೆರಳನ್ನು ಕಿತ್ತರೆ ಚರ್ಮ ಅಲ್ಲೇ ಉಳಿಯಿತು. ಆಮೇಲೆ ದೀಪ ತಾನಾಗಿ ಆರಿತು. ಅಮ್ಮಾ ಅಂದೆ, ಇನ್ನೊಂದು ಸಲವೂ ಅಂದೆ. ಉಸಿರು ಎಳೆದರೆ ಎದೆಯೊಳಗೆ ಗಾಜು ಚುಚ್ಚಿದ ಹಾಗಾಗುತ್ತಿತ್ತು.

ಬಾಗಿಲು ತೆಗೆದವಳು ಅಕ್ಕ, ಟ್ರಾಲಿ ಸಮೇತ. ಇವನು ಹೇಗೂ ಬರುತ್ತಾನೆ ಅಂತ ಟ್ರೈನರ್ ಉಳಿದವರಿಗೆ ಪ್ಯಾಕಿಂಗ್ ತೋರಿಸಲು ಹೋಗಿದ್ದನಂತೆ.

"ಅಯ್ಯೋ ನನ್ನಪ್ಪಾ, ಯಾರೋ ನಿನ್ನ ಇದ್ರೊಳಗೆ ಬಿಟ್ಟಿದ್ದು?" ಹೊರಗೆಳೆದುಕೊಂಡು ನನ್ನ ಕೈ ಹಿಡಿದು ಉಜ್ಜಿದಳು. "ಆ ಗುಂಡಿ ಕೆಟ್ಟು ಎರಡು ವರ್ಷ ಆಯ್ತು ಕಣೋ."

"ಮತ್ತೆ ನೀನು ದಿನಾ ಹೋಗ್ತೀಯಲ್ಲ?"

"ಬಾಗಿಲಿಗೆ ಕ್ರೇಟ್ ಅಡ್ಡ ಇಡ್ತೀನಿ. ತೆರೆದಿದ್ರೆ ಸೈರನ್ ಹೊಡ್ಕೊಳ್ಳುತ್ತೆ, ಸೂಪರ್‌ವೈಸರ್ ಬಂದು ಕ್ರೇಟ್ ಒದ್ದು ಹೋಗ್ತಾನೆ. ಈ ತಿಂಗಳಲ್ಲೇ ಎರಡ್ಸಲ ಒಳಗೆ ಸಿಕ್ಕಾಕ್ಕೊಂಡೆ." ದನಿ ತಗ್ಗಿಸಿದಳು. "ಕೈ ಕಂಕುಳಲ್ಲಿಟ್ಕೊಂಡು ಓಡಾಡ್ತಿದ್ದೆ, ಯಾರಾದ್ರೂ ಬರೋವರ್ಗೂ. ಸಹಿ ಹಾಕ್ಬಿಡು ಪುಟ್ಟಾ. ನಾನೂ ಹಾಕಿದ್ದೀನಿ."

ಅಷ್ಟರಲ್ಲಿ ಟ್ರೈನರ್ ಎಲ್ಲರನ್ನೂ ಕರೆದುಕೊಂಡು ವಾಪಸ್ಸು ಬಂದ.

"ಏನ್ ಲಾಯರೇ, ಸಮಾಧಾನ ಆಯ್ತಾ? ಹಾಕಿ ಸಹಿ."

"ಗುಂಡಿ ಕೆಟ್ಟಿದೆ ಸರ್."

"ತೋಳಲ್ಲಿ ಶಕ್ತಿ ಬೇಕಪ್ಪ."

"ಹಾಗಿದ್ರೆ ನೀವೊಂದ್ಸಲ ಒಳಗೆ ಹೋಗಿ ಒತ್ತಿ ತೋರ್ಸಿ. ನಾನು ಹೊರಗಿಂದ ಮುಚ್ತೀನಿ."

ಬಾಗಿಲು ಎಳೆದು ತೆರೆದೆ. ಅವನು ಒಂದು ಹೆಜ್ಜೆ ಮುಂದಿಟ್ಟ. ಬಿಳಿ ಹೊಗೆ ಅವನ ಬೂಟಿನ ಮೇಲೆ ಹರಿಯಿತು. ಇಟ್ಟ ಹೆಜ್ಜೆ ಹಿಂದಕ್ಕೆ ಬಂತು. ಈ ಸಲ ಯಾರೂ ನಗಲಿಲ್ಲ. ಗೊತ್ತಿತ್ತು ಆ ನನ್ಮಗನಿಗೆ, ಮೊದಲಿಂದಲೂ ಗೊತ್ತಿತ್ತು.

"ನೀನು ನಾಳೆಯಿಂದ ಬರೋದು ಬೇಡ. ಕಾರ್ಡ್ ಗೇಟಲ್ಲಿ ಕೊಟ್ಟು ಹೋಗು."

ಅಕ್ಕ ನನ್ನ ಮುಖ ನೋಡಲಿಲ್ಲ. ಹದಿನೈದು ಪೆಟ್ಟಿಗೆ ತರಬೇಕಿತ್ತು ಅವಳು. ಕೆಲಸ ಕಳೆದುಕೊಳ್ಳುವುದು ಇನ್ನು ತನ್ನ ಸರದಿ ಅನ್ನುವ ಹೆದರಿಕೆಗೋ ಏನೋ, ಬಾಗಿಲು ತೆಗೆದು ಟ್ರಾಲಿ ತಳ್ಳಿಕೊಂಡು ಒಳಗೆ ನುಗ್ಗಿಯೇಬಿಟ್ಟಳು. ಬಾಗಿಲು ತಾನಾಗಿ ಮುಚ್ಚಿಕೊಳ್ಳತೊಡಗಿತು. ಬೆನ್ನು ಕೊಟ್ಟು ನಿಂತೆ. ಸೈರನ್ ಕಿರುಚಿತು.

"ಲೇ, ಬಿಡೋ ಬಾಗಿಲು! ಸರಕು ಕರಗುತ್ತೆ!" ಟ್ರೈನರ್ ಅರಚಿದ.

"ಒಳಗೆ ನಮ್ಮಕ್ಕ ಇದ್ದಾಳೆ."

ಸೂಪರ್‌ವೈಸರ್ ಓಡಿಬರುವ ಬೂಟಿನ ಸದ್ದು ಕೇಳಿಸಿತು. ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದೆ. ಒಳಗೆ ದೂರದಲ್ಲೆಲ್ಲೋ ಪೆಟ್ಟಿಗೆ ಎತ್ತಿಡುವ ಶಬ್ದ, ಹದಿನೈದರಲ್ಲಿ ನಾಲ್ಕೋ ಐದೋ ಆಗಿರಬೇಕು.

"ಬೇಗ ಬಾರೇ ಅಕ್ಕಾ!" ಅಂತ ಕೂಗಿದೆ.