ಹೊಸ ನೆಲದ ಸೊಪ್ಪು

"ಹಿಂದಕ್ಕೆ ತಗೊಳ್ಳಪ್ಪ, ಹಿಂದಕ್ಕೆ," ಎನ್ನುತ್ತ ಮಗಳು ಲಾರಿಯ ಮೂತಿಗೆ ಅಂಗೈ ಬಡಿದಳು. ಅವಳ ಬೆನ್ನ ಹಿಂದೆ, ಸಿಗಾರ್ ಕಾರ್ಖಾನೆಯ ಅಂಗಳದಲ್ಲಿ, ಅಪ್ಪನ ಹೆಣವಿದ್ದ ವ್ಯಾನು ಹೊರಡಲು ದಾರಿಯಿಲ್ಲದೆ ಗುರುಗುಡುತ್ತಿತ್ತು.

ಲಾರಿಯವನು ತಲೆ ಹೊರಹಾಕಿದ. "ಬಂದರಿನಿಂದ ಬಂದಿದೀನಿ ಅಕ್ಕ. ಹನ್ನೆರಡು ಮೂಟೆ ಹೊಗೆಸೊಪ್ಪು. ಇಳಿಸ್ಕೊಂಡ್ರೆ ನಾನ್ಯಾಕೆ ಇಲ್ಲಿ ನಿಲ್ತೀನಿ?"

"ನಾವು ತರಿಸಿಲ್ಲ."

"ರುಜು ಇದೆಯಲ್ಲ, ನೋಡಿ."

ರುಜು ಅಪ್ಪನದೇ. ಕೊನೆಯಕ್ಷರದ ಬಾಲವನ್ನು ಕಾಗದದ ಅಂಚಿನವರೆಗೆ ಎಳೆಯುವ ದರ್ಪ ಇನ್ನಾರಿಗಿತ್ತು? ಅದರ ಮೇಲಿದ್ದ ದೇಶದ ಹೆಸರು ಓದಿ ಅವಳಿಗೆ ಮೈಯೆಲ್ಲ ಉರಿಯಿತು.

"ಅಣ್ಣನ್ನ ಕಳಿಸೋ ಹೊತ್ತಲ್ಲಿ ವ್ಯಾಪಾರ ಏನಮ್ಮ?" ಎಂದ ಚಿಕ್ಕಪ್ಪ.

"ನಿಮ್ಮಣ್ಣನ್ನೇ ಕೇಳಿ. ವ್ಯಾನಲ್ಲೇ ಇದಾರೆ."

ಹೆಣಕ್ಕೆ ಹೆಗಲು ಕೊಡಲು ಬಂದಿದ್ದ ನೆಂಟರೆಲ್ಲ ಇಸ್ತ್ರಿ ಬಟ್ಟೆಯಲ್ಲೇ ಮೊದಲು ಮೂಟೆಗಳಿಗೆ ಹೆಗಲು ಕೊಡಬೇಕಾಯಿತು.

*

ಆರು ವರ್ಷದ ಹಿಂದೆ ಅವಳೇ ಆ ದೇಶಕ್ಕೆ ಹೋಗಿ ಒಂದು ಕಟ್ಟು ಎಲೆ ತಂದಿದ್ದಳು. ಇಲ್ಲಿನ ಸೊಪ್ಪು ವರ್ಷದಿಂದ ವರ್ಷಕ್ಕೆ ತೆಳುವಾಗಿ, ಸುತ್ತುವಾಗಲೇ ಹರಿಯುತ್ತಿತ್ತು. ಅಪ್ಪ ಒಂದೆಲೆ ಮೂಸಿ ಕಟ್ಟನ್ನೆಲ್ಲ ಕಸದ ಬುಟ್ಟಿಗೆ ಹಾಕಿದ.

"ನಮ್ಮಜ್ಜ ಸುತ್ತಿದ ಸೊಪ್ಪು ಇದಲ್ಲ."

"ಆ ಸೊಪ್ಪು ಈಗ ಎಲ್ಲಿದೆ ಅಪ್ಪಾ?"

"ನಾನಿರೋವರೆಗೆ ಇದು ಈ ಬಾಗಿಲು ದಾಟಲ್ಲ."

ಆಮೇಲೆ ದಿನಾ ಊಟಕ್ಕೆ ಕೂತಾಗ ಅದೇ ಜಗಳ. ಗೋಡೆಗೆ ತಲೆ ಚಚ್ಚಿಕೊಂಡಿದ್ದರೆ ಗೋಡೆಯಾದರೂ ಅಷ್ಟಿಷ್ಟು ಉದುರುತ್ತಿತ್ತು. ಅಪ್ಪ ಉದುರಲಿಲ್ಲ.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಅವಳು ಚಿಕ್ಕಪ್ಪನ ಜೊತೆ ಕಾರ್ಖಾನೆಗೆ ಬಂದಾಗ ಕತ್ತರಿಯಮ್ಮ ಆಗಲೇ ಒಂದು ಮೂಟೆಯ ಹೊಲಿಗೆ ಬಿಚ್ಚುತ್ತಿದ್ದಳು. ನಲವತ್ತು ವರ್ಷ ಇಲ್ಲೇ ಎಲೆ ಕತ್ತರಿಸಿ ಅವಳಿಗೆ ಆ ಹೆಸರು ನಿಂತಿತ್ತು.

"ಹಡಗಲ್ಲಿ ಬೆಂದು ಬಂದಿದೆ. ಇವತ್ತೇ ಬಿಡಿಸದಿದ್ರೆ ಬೂಷ್ಟು ಹಿಡಿಯತ್ತೆ."

"ನಿಮಗೆ ಮೊದಲೇ ಗೊತ್ತಿತ್ತು."

"ನೀನು ತಂದ ಕಟ್ಟನ್ನ ಬುಟ್ಟಿಯಿಂದ ಎತ್ತಿಸಿದ್ದೇ ನಿಮ್ಮಪ್ಪ. ನಮ್ಮನೆಗೆ ಬಂದು ಸುತ್ತೋರು, ಸೇದೋರು, ಬೈಯೋರು. ಅದು ಮುಗೀತು ಅಂತ ಇನ್ನೊಂದು ತರಿಸಿದ್ರು. ಕೊನೆಗೆ ಇದು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಗೆದ್ದಂಗಾಗ್ತಿತ್ತಲ್ಲ. ಮೂಟೆ ಬಂದ ದಿನ ನಾನೇ ಹೇಳ್ತೀನಿ ಅಂದಿದ್ರು."

"ಆರು ವರ್ಷ," ಎಂದಳು ಮಗಳು. "ಆರು ವರ್ಷ ನನ್ನ ಪ್ರಾಣ ತಿಂದ್ರಲ್ಲ."

ತೋಳಿನ ಬಟ್ಟೆ ಮೇಲಕ್ಕೆ ಮಡಚಿ ಮೂಟೆಯೊಳಕ್ಕೆ ಕೈ ತೂರಿಸಿದಳು. ಎಲೆಗಳು ಬೆಚ್ಚಗೆ, ಅಂಟಂಟಾಗಿ, ಎಲ್ಲೂ ಹರಿಯದೆ ಎದ್ದುಬಂದವು. ಒಂದೊಂದನ್ನೇ ಬಿಡಿಸುತ್ತ ಗಟ್ಟಿಯಾಗಿಯೇ ಬೈದಳು: ಹಟಮಾರಿ, ಜಂಭದ ಮುದುಕ, ಒಂದು ಮಾತು ಹೇಳಿದ್ದರೆ ಬಾಯಿಂದ ಮುತ್ತು ಉದುರುತ್ತಿತ್ತಾ. ಬೈಯುತ್ತಲೇ ಕಣ್ಣಲ್ಲಿ ನೀರು ಇಳಿಯಿತು.

ಹೊಗೆಸೊಪ್ಪು ಹಿಡಿದ ಕೈಯಲ್ಲಿ ಕಣ್ಣು ಮುಟ್ಟುವಂತಿಲ್ಲ. ಮಣಿಕಟ್ಟಿನವರೆಗೆ ಕಂದುಬಣ್ಣವಾದ ಕೈಗಳನ್ನು ಮೈಯಿಂದ ದೂರ ಹಿಡಿದು, ಮುಖವೆತ್ತಿ ನಿಂತಳು. ಕತ್ತರಿಯಮ್ಮನ ಕೈಯೂ ಹಾಗೇ ಇತ್ತು. ಚಿಕ್ಕಪ್ಪ ಜೇಬೆಲ್ಲ ತಡಕಿ ಕರವಸ್ತ್ರ ತೆಗೆದ.

"ಅಲ್ಲಾಡ್ಬೇಡ," ಎಂದು ಅವಳ ಗಲ್ಲ ಹಿಡಿದು, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಕೊನೆಗೆ ಮೂಗನ್ನೂ ಒರೆಸಿದ.