ಕಿವಿಯ ಹತ್ತಿ

ಹತ್ತಿಯನ್ನು ಹಿಂಜಿ, ಬೀಜ ತೆಗೆದು, ಬೆರಳಲ್ಲಿ ಹದ ಮಾಡುವಾಗ ಅಮ್ಮ ಮಾತಾಡುತ್ತಿರಲಿಲ್ಲ. ತೊಡೆಯ ಮೇಲೆ ಉದ್ದಕ್ಕೆ ಹೊಸೆದರೆ ಅದು ದೇವರ ದೀಪಕ್ಕೆ. ಅಂಗೈಯಲ್ಲಿ ಉಂಡೆ ಕಟ್ಟಿದರೆ ನನ್ನ ಕಿವಿಗೆ. ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕೂದಲು ಒಣಗಿಸಿದ ಮೇಲೆ ಆ ಪುಟ್ಟ ಬಿಳಿಯ ಉಂಡೆಗಳನ್ನು ಕಿವಿಗೆ ಒತ್ತಿ, ಮೇಲೊಂದು ಬಟ್ಟೆ ಬಿಗಿದು, ಗಲ್ಲದ ಕೆಳಗೆ ಗಂಟು ಹಾಕುತ್ತಿದ್ದಳು. ಅಲ್ಲಿಗೆ ಮನೆಯ ಸದ್ದೆಲ್ಲ ಬಾವಿಯ ತಳಕ್ಕೆ ಇಳಿದಂತೆ ದೂರವಾಗುತ್ತಿತ್ತು.

"ಬಾಣಂತಿ ಮೈ ಅಂದ್ರೆ ಹಸಿ ಮಡಕೆ ಕಣೇ," ಎಂದು ಕೂಗಿ ಹೇಳುತ್ತಿದ್ದಳು. ಬಾಣಂತಿ ಇರುವ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. "ಗಾಳಿ ಒಂದ್ಸಲ ಒಳಗೆ ಹೊಕ್ತೋ, ಆಮೇಲೆ ಹೊರಗೆ ಹಾಕೋಕೆ ಯಾವ ವೈದ್ಯನ ಕೈಲೂ ಆಗಲ್ಲ."

ಹತ್ತಿ ಕಿತ್ತು ಬಿಸಾಡುವುದು ಯಾವಾಗ ಎಂದು ಬೇರೆ ಬಾಣಂತಿಯರು ಕಾಯುತ್ತಾರಂತೆ. ನನಗೋ ಅದು ಬೇಕಾಗಿತ್ತು. ಹತ್ತಿ ಇದ್ದಾಗ ಮಗುವಿನ ಅಳು ಪಕ್ಕದ ಬೀದಿಯ ಅಳುವಿನಂತೆ ಕೇಳುತ್ತಿತ್ತು. ಹಾಗೆ ಕೇಳಿದರೆ, ಮಗುವನ್ನು ಎತ್ತಿಕೊಂಡಾಗ ನನ್ನೊಳಗೆ ಏನೂ ಏಳುವುದಿಲ್ಲ ಎಂಬುದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು. ಹಾಲು ಕೊಡುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ದೃಷ್ಟಿಬೊಟ್ಟು ಇಡುತ್ತಿದ್ದೆ. ಯಾರದೋ ಮನೆಯ ಒಡವೆಯನ್ನು ಜೋಪಾನ ಮಾಡುವವಳಂತೆ ಎಲ್ಲವನ್ನೂ ಮಾಡುತ್ತಿದ್ದೆ. ಬಂದವರು "ಮುಖದಲ್ಲಿ ಕಳೆ ಬಂದಿದೆ ನೋಡು" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ನಗುವುದೂ ಒಂದು ಕೆಲಸವಾಗಿತ್ತು.

ಇದನ್ನು ಬಾಯಿಬಿಡುವಂತಿರಲಿಲ್ಲ. ನಮ್ಮ ಮನೆತನದಲ್ಲಿ ಚೆನ್ನಾಜಮ್ಮ ದೊಡ್ಡಮ್ಮನ ಕತೆಯಿತ್ತು. ಅವಳು ಅಮ್ಮನ ಅಕ್ಕ. ಹೆರಿಗೆಯಾದ ಮೇಲೆ ಅವಳು ಏನೇನೋ ಆಡಿದಳು, ಬಾಣಂತಿಸನ್ನಿ ಹಿಡಿಯಿತು ಎಂದು ಮಗುವನ್ನು ಕಿತ್ತುಕೊಂಡು ಅವಳ ನಾದಿನಿಯ ಮಡಿಲಿಗೆ ಹಾಕಿದರು. ಆ ಮಗು ಬೆಳೆದು ದೊಡ್ಡದಾಗಿ, ಮದುವೆ ಮುಂಜಿಗಳಲ್ಲಿ ಎದುರಾದರೆ ಹೆತ್ತವಳನ್ನು 'ಅತ್ತೆ' ಎಂದು ಕರೆಯುತ್ತಿತ್ತು. ದೊಡ್ಡಮ್ಮ 'ಓ' ಎನ್ನುತ್ತಿದ್ದಳು. ಆ 'ಓ' ಚಿಕ್ಕಂದಿನಿಂದ ನನ್ನ ಕಿವಿಯಲ್ಲಿತ್ತು; ಅದನ್ನು ಯಾವ ಹತ್ತಿಯೂ ತಡೆಯಲಿಲ್ಲ.

ಚುಚ್ಚುಮದ್ದು ಹಾಕಿಸಲು ಹೋದ ದಿನ ಮಗು ಕಿರುಚಿದಾಗ ನರ್ಸಮ್ಮ ಮಗುವನ್ನು ಬಿಟ್ಟು ನನ್ನ ಮುಖ ನೋಡಿದಳು. "ಗುರುವಾರ ಮಹಡಿ ಮೇಲೆ ಬಾಣಂತಿಯರೆಲ್ಲ ಸೇರ್ತಾರೆ. ಒಬ್ಬರು ಮೇಡಂ ಬರ್ತಾರೆ. ನೀವೂ ಬನ್ನಿ," ಎಂದಳು. ಅಮ್ಮ ದಾರಿಯುದ್ದಕ್ಕೂ ಗೊಣಗಿದಳು: "ಮಾತಾಡೋಕೂ ಆಸ್ಪತ್ರೆಗೆ ಹೋಗ್ಬೇಕೇನೆ? ಮನೇಲಿ ಗೋಡೆ ಇಲ್ವಾ?" ಆದರೂ ಗುರುವಾರ ಜೊತೆಗೆ ಬಂದಳು. ಬಾಣಂತಿಯನ್ನು ಒಂಟಿಯಾಗಿ ಹೊಸಿಲು ದಾಟಿಸುವುದುಂಟೇ?

ಹಳೆಯ ಮಂಚಗಳನ್ನು ತೆರವು ಮಾಡಿ ಜಮಖಾನ ಹಾಸಿದ್ದ ಕೋಣೆ ಅದು. ನಾವೆಲ್ಲ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ದುಂಡಗೆ ಕೂತೆವು. ಜೊತೆಗೆ ಬಂದ ಹಿರಿಯ ಹೆಂಗಸರು ಕೋಣೆಯ ಹೊರಗೇ ಇದ್ದ ಜಗಲಿಯಲ್ಲಿ ಎಲೆಯಡಿಕೆ ಬಿಚ್ಚಿಕೊಂಡರು. ಮನಸ್ಸಿನ ವಿಷಯ ಓದಿಕೊಂಡಿದ್ದ ವತ್ಸಲಾ ಮೇಡಂ ದೂರದ ಊರಿನವರು, ಮಕ್ಕಳಿಲ್ಲದವರು, ಬಲು ಮೃದು ಮಾತಿನವರು. ಆ ಮೃದು ಮಾತೇ ಮೊದಲ ದಿನ ಕೆಲಸ ಕೆಡಿಸಿತು. ಅವರು ಏನೋ ಕೇಳಿದರು. ನಾವೆಲ್ಲ ತಲೆಯಾಡಿಸಿದೆವು. ಇನ್ನೇನೋ ಕೇಳಿದರು. ಅದಕ್ಕೂ ತಲೆಯಾಡಿಸಿದೆವು. ಆಮೇಲೆ ತಿಳಿದದ್ದು: ಮೊದಲು ಅವರು "ಯಾರಿಗಾದರೂ ತುಂಬ ಬೇಸರವಾಗುತ್ತದೆಯೇ?" ಎಂದಿದ್ದರು, ಎಲ್ಲರೂ ಹೂಂ ಎಂದದ್ದು ನೋಡಿ ಗಾಬರಿಯಾಗಿ "ಹಾಗಾದರೆ ಯಾರೂ ಸಂತೋಷವಾಗಿಲ್ಲವೇ?" ಎಂದು ಕೇಳಿದ್ದರು, ಅದಕ್ಕೂ ಎಲ್ಲರೂ ಹೂಂ! ಬಟ್ಟೆಯೊಳಗೆ, ಹತ್ತಿಯೊಳಗೆ ಕೂತ ನಮಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಪಾಪ, ಆ ದಿನ ಅವರು ಊಟ ಮಾಡಲಿಲ್ಲವಂತೆ.

ಮುಂದಿನ ಗುರುವಾರ ಹಾಲು ಕುಡಿಸಿ ಹೊರಡುವಷ್ಟರಲ್ಲಿ ನನಗೆ ತಡವಾಯಿತು. ಒಳಗೆ ಹೋದಾಗ ಎಲ್ಲರೂ ಕೂತಿದ್ದರು, ತಲೆಗೆ ಅದೇ ಬಟ್ಟೆ, ಗಲ್ಲದಡಿ ಅದೇ ಗಂಟು. ಸಿಕ್ಕ ಜಾಗ ನೀಲವ್ವನ ಪಕ್ಕದ್ದು. ಗಂಡನ ಕೆಲಸಕ್ಕೆಂದು ಬೇರೆ ಸೀಮೆಯಿಂದ ಬಂದು ನಮ್ಮ ಬೀದಿಯಲ್ಲೇ ನೆಲೆಸಿದವಳು, ಮೂರು ಹೆತ್ತವಳು. ಅವಳ ಬಾಯಿಗೆ ಬಿದ್ದ ಸುದ್ದಿ ಊರಿಗೆ ಡಂಗುರ ಎಂಬ ಮಾತಿತ್ತು.

ಮೇಡಂ ನನ್ನತ್ತ ಕೈ ತೋರಿ, ಎದೆಯ ಮೇಲೆ ಕೈಯಿಟ್ಟು ಏನೋ ಕೇಳಿದರು. ನನ್ನ ಸರದಿ ಎಂದು ತಿಳಿಯಿತು. ಸುತ್ತ ನೋಡಿದೆ. ಎಲ್ಲ ಕಿವಿಗಳೂ ಮುಚ್ಚಿವೆ. ಕೇಳುವವರು ಆ ಮೇಡಂ ಒಬ್ಬರೇ. ಅವರು ಸಂಜೆಯ ಬಸ್ಸು ಹತ್ತಿ ಹೋಗುವವರು. ಹೇಳುವುದಾದರೆ ಇದಕ್ಕಿಂತ ಭದ್ರವಾದ ಜಾಗ ಈ ಭೂಮಿಯ ಮೇಲೆ ಇನ್ನೆಲ್ಲಿದೆ?

ಪಿಸುಮಾತಿನಲ್ಲಿ ಹೇಳಿದೆ. ಈ ಮಗು ನನ್ನದು ಅನ್ನಿಸುತ್ತಿಲ್ಲ ಎಂದೆ. ಎತ್ತಿಕೊಂಡರೆ ಕೈ ಸೋಲುತ್ತದೆಯೇ ಹೊರತು ಎದೆಯಲ್ಲಿ ಏನೂ ಆಗುವುದಿಲ್ಲ ಎಂದೆ. ಒಂದೊಂದು ಮಧ್ಯಾಹ್ನ ಇವಳನ್ನು ತೊಟ್ಟಿಲಲ್ಲಿ ಬಿಟ್ಟು ಹಿತ್ತಲ ಬಾಗಿಲಿನಿಂದ ಹಾಗೇ ನಡೆದುಬಿಡೋಣ, ಎಲ್ಲಿಗಾದರೂ ಸರಿ, ಅನ್ನಿಸುತ್ತದೆ ಎಂದೆ. "ಯಾರಿಗೂ ಹೇಳ್ಬೇಡಿ ಮೇಡಂ. ಗೊತ್ತಾದ್ರೆ ನಮ್ಮ ದೊಡ್ಡಮ್ಮನಿಗೆ ಮಾಡಿದ ಹಾಗೆ ಇವಳನ್ನ ಕಿತ್ಕೊಂಡು ಬೇರೆಯವರಿಗೆ ಕೊಡ್ತಾರೆ. ಅದೊಂದು ಆಗ್ಬಾರ್ದು."

ಹೇಳಿ ಮುಗಿಸಿ ತಲೆಯೆತ್ತಿದರೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ನೀಲವ್ವನ ತುಟಿಗಳು ಅಲುಗಿದವು. ನನಗೆ ಕೇಳಿಸಲಿಲ್ಲ. ಅವಳು ಕೈ ಚಾಚಿ, ನನ್ನ ತಲೆಬಟ್ಟೆಯನ್ನು ಹಿಂದಕ್ಕೆ ಸರಿಸಿ, ಕಿವಿಯಿಂದ ಹತ್ತಿಯನ್ನು ಎಳೆದು ತೆಗೆದಳು.

ಸದ್ದು ನುಗ್ಗಿತು. ಮಕ್ಕಳ ಗೊರಗೊರ, ಬಳೆಗಳ ಸದ್ದು, ಕೆಳಗೆ ಯಾರೋ ಕೊಡ ಇಟ್ಟ ಸದ್ದು, ಎಲ್ಲವೂ ಒಮ್ಮೆಗೇ.

"ಹತ್ತಿ ನಾವೆಲ್ಲಾರೂ ಆಗಲೇ ತಗದೀವಿ ತಂಗಿ," ಎಂದಳು ನೀಲವ್ವ. "ಮೇಡಮ್ಮಾರು ಬಂದ ಕೂಡ್ಲೇ ತಗಸ್ಯಾರ. ನೀ ತಡಾ ಬಂದಿ. ಮ್ಯಾಲ ಪಿಸಿಪಿಸಿ ಅಂದ್ಕೊಂಡು ಮಾತಾಡಿದ್ಯಲ್ಲ, ಅದು ಜಗಲಿ ಮಟಾ ಕೇಳೇತಿ!"

ಕಿವಿ ಮುಚ್ಚಿಕೊಂಡವಳ ಪಿಸುಮಾತು ಎಷ್ಟು ದೊಡ್ಡದಿರುತ್ತದೆ ಎಂದು ಅವಳಿಗೆ ತಿಳಿಯುವುದಿಲ್ಲ. ಬಾಗಿಲಿನತ್ತ ನೋಡಿದೆ. ಅಮ್ಮ ಅಲ್ಲಿ ನಿಂತಿದ್ದಳು. ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ಇತ್ತು.

ಮುಗಿಯಿತು ಎಂದುಕೊಂಡೆ. ಮಗುವನ್ನು ಎದೆಗೆ ಒತ್ತಿ ಹಿಡಿದು, ಬೆನ್ನನ್ನು ಗೋಡೆಗೆ ಆನಿಸಿ, ಯಾರಾದರೂ ಹತ್ತಿರ ಬಂದರೆ ನೋಡೋಣ ಎಂಬಂತೆ ಕೂತೆ. ಹಾಗೆ ಕೂತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಕಂಡದ್ದು ನೀಲವ್ವನಿಗೆ.

"ನೋಡ್ರೆವಾ ಇಕೀನ! ಕೂಸು ತನ್ನದು ಅನಸೂದಿಲ್ಲಂತ. ಯಾರರೆ ಒಯ್ತಾರಂದ್ರ ಹೆಂಗ ಹಿಡಕೊಂಡು ಕುಂತಾಳ, ಮರಿ ಹಾಕಿದ ಬೆಕ್ಕಿನಂಗ! ಬ್ಯಾಡಾದ್ದು ಹೋದ್ರ ಹೋಗ್ಲಿ ಅನಬೇಕಿಲ್ಲೋ? ಹೆದರಿಕಿ ಯಾಕ ನಿನಗ?"

ನನಗೆ ಅಳು ಬಂತು. ಹೆತ್ತ ಮೇಲೆ ಅತ್ತದ್ದು ಅದೇ ಮೊದಲು. ಆಗ ಎದುರಿಗೆ ಕೂತಿದ್ದ ಸುಗುಣ ಎಂಬ ಹುಡುಗಿ, ಇನ್ನೂ ಅರಿಶಿನ ಮಾಸದ ಮುಖದವಳು, ನೆಲ ನೋಡುತ್ತಲೇ "ನಂಗೂ ಹಂಗೇ ಆಗತ್ತೆ" ಎಂದಳು. ನೀಲವ್ವ ದನಿ ತಗ್ಗಿಸಿ, "ಎರಡನೇದ್ದು ಹುಟ್ಟಿದಾಗ ನಾ ಬಾವಿ ಕಟ್ಟಿಮ್ಯಾಲ ಕುಂತು ಎದ್ದು ಬಂದಾಕಿ," ಎಂದಳು. ಊರಿಗೆಲ್ಲ ಸುದ್ದಿ ಹಂಚುವ ಆ ಬಾಯಿ ಈ ಒಂದು ಸುದ್ದಿಯನ್ನು ಅಷ್ಟು ಕಾಲ ಬಚ್ಚಿಟ್ಟುಕೊಂಡಿತ್ತು.

ವತ್ಸಲಾ ಮೇಡಂ ಯಾರಿಗೂ ಬುದ್ಧಿ ಹೇಳಲಿಲ್ಲ. ಇದು ಸನ್ನಿಯಲ್ಲ, ಶಾಪವಲ್ಲ, ಹೆತ್ತ ಮೈಗೆ ಬರುವ ಒಂದು ಕಾಯಿಲೆ, ವಾಸಿಯಾಗುತ್ತದೆ ಎಂದಷ್ಟೇ ಹೇಳಿ, ಕೆಳಗಿನ ಡಾಕ್ಟರ ಬಳಿಗೆ ನನ್ನನ್ನು ತಾವೇ ಕರೆದೊಯ್ದರು. "ಮಗು ಎಲ್ಲಿಗೂ ಹೋಗಲ್ಲ. ನಿಮ್ಮ ಹತ್ತಿರಾನೇ ಇರತ್ತೆ," ಎಂದು ಮೆಟ್ಟಿಲಿಳಿಯುತ್ತ ಅಂದರು. ಈ ಸಲ ಆ ಮೃದು ಮಾತು ಪೂರ್ತಿ ಕೇಳಿಸಿತು.

ಮನೆಯ ದಾರಿಯಲ್ಲಿ ಅಮ್ಮ ನನ್ನ ಹಿಂದೆ ಹಿಂದೆಯೇ ನಡೆದಳು. ಮಗುವನ್ನು ತಾನು ಎತ್ತಿಕೊಳ್ಳುತ್ತೇನೆ ಎನ್ನಲಿಲ್ಲ. ಅರಳಿಕಟ್ಟೆಯ ಹತ್ತಿರ ಬಂದಾಗ ನಿಂತಳು.

"ಅಕ್ಕನ ಕಿವಿಗೂ ನಾನೇ ಹತ್ತಿ ಇಡ್ತಿದ್ದೆ ಕಣೇ," ಎಂದಳು. "ಅವಳು ನನ್ನ ಕೈ ಹಿಡ್ಕೊಂಡು ಏನೋ ಹೇಳೋಕೆ ಬರೋಳು. ಮಲ್ಕೋ ಅಕ್ಕಾ, ಗಾಳಿ ಹೊಗತ್ತೆ ಅಂತ ಬಟ್ಟೆ ಬಿಗಿಯೋಳು ನಾನು. ಕೇಳಿಸ್ಕೋಬೇಕಾದೋರು ನಾವು. ಹತ್ತಿ ಇಟ್ಟಿದ್ದು ಅವಳ ಕಿವಿಗೆ."

ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಎಂದಿನ ದನಿಯಲ್ಲಿ, "ಗುರುವಾರಕ್ಕೆ ಬೇಗ ಎಣ್ಣೆನೀರು ಹಾಕ್ತೀನಿ. ತಡ ಆಗ್ಬಾರ್ದು," ಎಂದಳು.

ಗುಣವಾಗುವುದು ಒಂದೇ ದಿನಕ್ಕಾಗಲಿಲ್ಲ. ಮಾತ್ರೆ ನುಂಗಿದೆ, ಗುರುವಾರಗಳು ಬಂದವು. ನೀಲವ್ವ ಬೀದಿಯಲ್ಲಿ ನನ್ನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಬದಲಿಗೆ ಮಧ್ಯಾಹ್ನ ಹಿತ್ತಲ ಬಾಗಿಲಿಗೇ ಬಂದು ಕೂರುತ್ತಿದ್ದಳು. "ಹೊಂಟಿಯೇನ? ನಡಿ, ನಾನೂ ಬರ್ತೀನಿ" ಎಂದು ಗೇಲಿ ಮಾಡಿದರೆ ನನಗೂ ನಗು ಬರುತ್ತಿತ್ತು, ಕೆಲಸವಲ್ಲದ ನಗು.

ಮಹಡಿಯ ಕೋಣೆಯ ಬಾಗಿಲಲ್ಲಿ, ಚಪ್ಪಲಿ ಬಿಡುವ ಕಡೆ, ಒಂದು ಸ್ಟೀಲ್ ತಟ್ಟೆ ಇಟ್ಟಿದ್ದರು. ಒಳಬರುವವರು ಹತ್ತಿಯನ್ನು ಅದರಲ್ಲಿ ಹಾಕಿ ಕೂರಬೇಕು. ಸೆಕೆ ಏರಿದ ಒಂದು ಗುರುವಾರ, ಎಲ್ಲರೂ ಬೆವರಿ ಬಸವಳಿದಿದ್ದಾಗ, ಹೊರಗಿನಿಂದ ಒಂದು ದನಿ ಬಂತು: "ಏನಾಗಲ್ಲ, ಆ ಫ್ಯಾನು ಸಣ್ಣಗೆ ಹಾಕ್ಕೊಳ್ರೇ." ದನಿ ನನ್ನ ಅಮ್ಮನದು. ಜಗಲಿಯಲ್ಲಿ ಒಂದು ಕ್ಷಣ ಎಲೆಯಡಿಕೆಯ ಸದ್ದೂ ನಿಂತಿತು.

ಸುಗುಣ ಎದ್ದು ಸ್ವಿಚ್ಚು ಒತ್ತಿದಳು. ರೆಕ್ಕೆಗಳು ಧೂಳು ಉದುರಿಸಿಕೊಂಡು ನಿಧಾನಕ್ಕೆ ತಿರುಗಿದವು. ತಟ್ಟೆಯಲ್ಲಿದ್ದ ಬಿಳಿಯ ಉಂಡೆಗಳು ಅಲುಗಿ, ಅಂಚು ದಾಟಿ, ಜಮಖಾನದ ಮೇಲೆಲ್ಲ ಉರುಳಾಡತೊಡಗಿದವು. ಹೆಂಗಸರು ಹೋ ಎಂದು ನಕ್ಕರು. ಹಿಂಜಿಹೋದ ಒಂದು ಎಳೆ ತೇಲುತ್ತ ಬಂದು, ನನ್ನ ಮಡಿಲಲ್ಲಿ ನಿದ್ದೆಹೋಗಿದ್ದವಳ ರೆಪ್ಪೆಯ ಮೇಲೆ ಕೂತಿತು. ಯಾರೂ ಹೇಳಲಿಲ್ಲ, ನಾನೇ ಬಗ್ಗಿ, ಅವಳಿಗೆ ಎಚ್ಚರವಾಗದಷ್ಟು ಮೆಲ್ಲಗೆ, ಅದನ್ನು ಊದಿದೆ.